ಸಾಕು ಎಂಬ ಸುದ್ದಿ

೬ ಆಗಸ್ಟ್ ೨೦೦೦
ಲೇಡೀಸ್ ಹಾಸ್ಟೆಲ್, ಮೈಸೂರು

ಸಂಡೇ ಸ್ಪೆಷಲ್ ಅಂತ ಮೆಸ್ಸಿನಲ್ಲಿ ಪೂರಿ ಸಾಗು. ನಾನು ಒಂದೇ ಪೂರಿ ತೆಗೆದುಕೊಂಡು ಅದರಲ್ಲೂ ಅರ್ಧ ಬಿಟ್ಟೆ. ರೂಂಮೇಟ್ ಪ್ರಮೀಳಾ ತನ್ನದು ಮುಗಿಸಿ ನನ್ನ ತಟ್ಟೆ ನೋಡಿದಳು. "ಏನೇ ಬೃಂದಾ, ಪೂರೀನ ಡಿಸೆಕ್ಷನ್ ಮಾಡ್ತಿದೀಯಾ?" ಟೇಬಲ್ಲಿಗೆ ಟೇಬಲ್ಲೇ ನಕ್ಕಿತು. ನಾನೂ ನಕ್ಕೆ. ಒಳಗೊಳಗೆ ಖುಷಿಯೇ ಆಯಿತು. ಈ ಕಾಲೇಜಿನಲ್ಲಿ ಯಾವುದು ನನ್ನ ಕಂಟ್ರೋಲ್‌ನಲ್ಲಿದೆ? ಅನಾಟಮಿ ಇಲ್ಲ. ವೈವಾದಲ್ಲಿ ಎಕ್ಸಾಮಿನರ್ ಮುಖ ನೋಡಿದ ತಕ್ಷಣ ಬಾಯಿ ಲಾಕ್ ಆಗುತ್ತದೆ, ಅದೂ ಇಲ್ಲ. ಹಸಿವು ಮಾತ್ರ ನಾನು ಹೇಳಿದ ಹಾಗೆ ಕೇಳುತ್ತದೆ.

ಮಧ್ಯಾಹ್ನ ಭಾಗ್ಯಕ್ಕನ ಫೋನ್, ಚುಂಚನಕಟ್ಟೆ ಎಸ್‌ಟಿಡಿ ಬೂತಿನಿಂದ. ಬೂತಿನವನು ಪಕ್ಕದಲ್ಲೇ ನಿಂತಿದ್ದಾನೇನೋ, ಮೆಲ್ಲಗೆ ಮಾತಾಡಿದಳು.

"ಬೃಂದಾ, ಶಶೀಗೆ ಹುಣಸೂರಲ್ಲಿ ನೀನಿದ್ದ ಆಸ್ಟಲ್ಲಲ್ಲೇ ಒಂದು ಸೀಟು ಕೇಳ್ತೀಯೇನವ್ವ? ನಿಮ್ಮಾವ ದಿನಾ ಅದ್ನೇ ಏಳ್ತಾವ್ರೆ. ಸಿಸ್ಟರ್‌ಗಳು ಅದ್ದುಬಸ್ತಲ್ಲಿ ಇಡ್ತಾರೆ, ಬೃಂದನ್ನ ಇಟ್ಟಿರ್ಲಿಲ್ವಾ ಅಂತ."

"ಕೇಳ್ತೀನಿ ಬಿಡಕ್ಕ. ಶೀ ನೀಡ್ಸ್ ಡಿಸಿಪ್ಲಿನ್."

"ಏನಂದೆ?"

"ಒಳ್ಳೇದಾಗತ್ತೆ ಅಂದೆ."

ಅವ್ವ ತೀರಿಕೊಂಡ ಮೇಲೆ ಅಜ್ಜಿಮನೆಯೇ ನಮ್ಮ ಮನೆ. ಅಜ್ಜಿ ನನ್ನನ್ನು ಹುಣಸೂರಿನ ಕಾನ್ವೆಂಟ್ ಹಾಸ್ಟೆಲ್ಲಿಗೆ ಕಳಿಸಿ, ಅಕ್ಕನನ್ನು ತನ್ನ ಹತ್ತಿರವೇ ಇಟ್ಟುಕೊಂಡು, ದೊಡ್ಡವಳಾದ ಮೇಲೆ ತನ್ನ ಮಗನಿಗೇ ತಂದುಕೊಂಡಳು. ನಮ್ಮ ಸೋದರಮಾವ ಚಾಮಯ್ಯನೇ ಅಕ್ಕನ ಗಂಡ. ಅವರ ಮಗಳು ಶಶಿಗೆ ಏಳು ವರ್ಷ, ತೂಕ ನನಗಿಂತ ಜಾಸ್ತಿ. ಉತ್ಪ್ರೇಕ್ಷೆ ಅಲ್ಲ. ಅವಳಿಗೋಸ್ಕರ ಅಡುಗೆಮನೆಗೆ ಬೀಗ ಹಾಕುತ್ತಾರೆ. ದನಕ್ಕೆ ಬೇಯಿಸಿಟ್ಟ ಹುರುಳಿಯನ್ನೂ ತಿಂದಿದ್ದಾಳೆ. ಹೋದ ಸಲ ನಾನು ಹೋದಾಗ ನನ್ನ ಬ್ಯಾಗ್ ತಡಕಿ ಗ್ಲೂಕೋಸ್ ಬಿಸ್ಕತ್ತಿನ ಪ್ಯಾಕೆಟ್ಟನ್ನು ಪೇಪರ್ ಸಮೇತ ಬಾಯಿಗಿಟ್ಟುಕೊಂಡಿದ್ದಳು. ಫ್ರ್ಯಾಂಕ್ ಆಗಿ ಬರೆಯಬೇಕೆಂದರೆ ನನಗೆ ಅಸಹ್ಯವಾಯಿತು. ಅಷ್ಟು ಚಿಕ್ಕ ವಿಲ್‌ಪವರ್ ಕೂಡ ಇಲ್ಲದೆ ಹೇಗೆ ಇರುತ್ತಾರೆ?


೧೩ ಆಗಸ್ಟ್

ಹುಣಸೂರಿಗೆ ಹೋಗಿ ಬಂದೆ. ಸಿಸ್ಟರ್ ನನ್ನನ್ನು ನೋಡಿ "ಡಾಕ್ಟರಮ್ಮ ಬಂದ್ರು" ಅಂತ ಗೇಟಿನವರೆಗೂ ಬಂದರು. ಡೈನಿಂಗ್ ಹಾಲ್ ಹಾಗೇ ಇದೆ. ಬೆಳಿಗ್ಗೆ ಎರಡು ಇಡ್ಲಿ, ಅಷ್ಟೇ. ಮೂರನೆಯದನ್ನು ಕೇಳುವುದು ಅಂದರೆ ಎಲ್ಲರೆದುರು ಎದ್ದು ನಿಲ್ಲಬೇಕು. ನಾನು ಒಂದು ದಿನವೂ ಎದ್ದು ನಿಲ್ಲಲಿಲ್ಲ. ಸೇರಿದ ಹೊಸದರಲ್ಲಿ ರಾತ್ರಿ ಹೊಟ್ಟೆ ನೋಯುತ್ತಿತ್ತು, ದಿಂಬಿನ ತುದಿ ಕಚ್ಚಿಕೊಂಡು ಮಲಗುತ್ತಿದ್ದೆ. ಆಮೇಲೆ ಅಭ್ಯಾಸವಾಯಿತು. ಬೇರೆಯವರಿಗೂ ಸಿಸ್ಟರ್ ನನ್ನನ್ನೇ ಎಕ್ಸಾಂಪಲ್ ಕೊಡುತ್ತಿದ್ದರು.

ದಸರಾ ರಜೆ ಮುಗಿದ ಸೋಮವಾರ ಶಶಿಯನ್ನು ಕರೆತರಲು ಹೇಳಿದರು. ಕೆಲಸ ಆಯಿತು. ಹೊರಡುವಾಗ, "ಯಾಕೆ ಮಗು ಇಷ್ಟು ಇಳಿದು ಹೋಗಿದೀಯ?" ಅಂತ ನನ್ನ ಮಣಿಕಟ್ಟು ಹಿಡಿದು ನೋಡಿದರು. ಬಸ್ಸಿನಲ್ಲಿ ಕೂತು ನಾನೂ ಹಿಡಿದು ನೋಡಿಕೊಂಡೆ. ಹೆಬ್ಬೆರಳು ತೋರುಬೆರಳು ಆರಾಮಾಗಿ ಒಂದರ ಮೇಲೊಂದು ಕೂರುತ್ತವೆ. ನೈಸ್.


೨ ಸೆಪ್ಟೆಂಬರ್

ಇಂಟರ್ನಲ್ಸ್: ಫಿಸಿಯಾಲಜಿ ಜಸ್ಟ್ ಪಾಸ್, ಅನಾಟಮಿ ಫೇಲ್. ಓದಲು ಕೂತರೆ ಸಾಲುಗಳ ನಡುವೆ ಮಸಾಲೆದೋಸೆ ಬರುತ್ತದೆ. ನಾಳೆಯ ಮೆನು ಬೋರ್ಡನ್ನು ಇವತ್ತೇ ಎರಡು ಸಲ ಹೋಗಿ ಓದಿ ಬಂದೆ. ತಿನ್ನುವುದಕ್ಕಲ್ಲ, ಸುಮ್ಮನೆ. ಬೇಸಿಗೆಯಿಂದ ಮುಟ್ಟಿನ ಡೇಟ್ ಬಂದಿಲ್ಲ. ಪ್ರಮೀಳಾ ಎಕ್ಸಾಂ ಟೆನ್ಷನ್ ಅಂತಾಳೆ.


೧೪ ಸೆಪ್ಟೆಂಬರ್

ಇವತ್ತಿನ ಫಿಸಿಯಾಲಜಿ ಕ್ಲಾಸ್ ಬಗ್ಗೆ ಬರೆಯಲೇಬೇಕು. ನೋಟ್ಸ್ ತೆಗೆಯುವುದನ್ನೇ ಮರೆತಿದ್ದೆ.

ಮೇಡಂ ಬೋರ್ಡಿನ ಮೇಲೆ ಏನೂ ಬರೆಯದೆ ಶುರು ಮಾಡಿದರು. "ನೀವು ಒಂದು ವರ್ಷದಲ್ಲಿ ತಿನ್ನೋದನ್ನೆಲ್ಲ ಒಂದು ಕಡೆ ರಾಶಿ ಹಾಕಿ. ಒಂದು ಎತ್ತಿನಗಾಡಿ ತುಂಬುತ್ತೆ. ವರ್ಷದ ಕೊನೆಗೆ ತೂಕ ನೋಡಿಕೊಂಡ್ರೆ ವ್ಯತ್ಯಾಸ ಎಷ್ಟು? ಬಹಳ ಜನಕ್ಕೆ ಒಂದು ಬೊಗಸೆಯಷ್ಟು. ನೀವ್ಯಾರೂ ಅಳೆದು ತಿನ್ನಲಿಲ್ಲ. ಮದುವೆಮನೆಗೆ ಹೋದ್ರಿ, ಜ್ವರ ಬಂದು ಮಲಗಿದ್ರಿ, ಬಸ್ ಹಿಂದೆ ಓಡಿದ್ರಿ. ಆದ್ರೂ ಗಾಡಿ ತುಂಬ ಬಂದದ್ದು, ಗಾಡಿ ತುಂಬ ಹೋಯ್ತು. ಹಾಗಾದ್ರೆ ಅಳೀತಾ ಇರೋರು ಯಾರು?"

ಹಿಂದಿನ ಬೆಂಚಿನಿಂದ ಯಾರೋ "ಮೆಸ್ ಕಾಂಟ್ರಾಕ್ಟರ್ ಮೇಡಂ" ಅಂದ. ಮೇಡಂ ನಕ್ಕರು, ಆದರೆ ಪ್ರಶ್ನೆ ಬಿಡಲಿಲ್ಲ.

ಆಮೇಲೆ ಇಲಿಗಳ ಕಥೆ. ಒಂದು ಜಾತಿಯ ಇಲಿ ಹುಟ್ಟಿದಾಗಿನಿಂದ ತಿನ್ನುತ್ತಲೇ ಇರುತ್ತದೆ, ಉರುಳಾಡುವಷ್ಟು ದಪ್ಪ. ಅದನ್ನೂ ಮಾಮೂಲಿ ಇಲಿಯೊಂದನ್ನೂ ಪಕ್ಕೆಗೆ ಪಕ್ಕೆ ಸೇರಿಸಿ ಹೊಲಿದರಂತೆ, ಒಂದರ ರಕ್ತ ಇನ್ನೊಂದಕ್ಕೆ ಹರಿಯುವ ಹಾಗೆ. ದಪ್ಪ ಇಲಿ ತಿನ್ನುವುದನ್ನು ಕಮ್ಮಿ ಮಾಡಿತು. ಅದಕ್ಕೆ ಯಾರೂ ಬುದ್ಧಿ ಹೇಳಲಿಲ್ಲ, ಯಾರೂ ಹೊಡೆಯಲಿಲ್ಲ. ಪಕ್ಕದವನ ರಕ್ತದಲ್ಲಿ ಏನೋ ಬಂತು, ಇದು ಬಾಯಿ ನಿಲ್ಲಿಸಿತು. ಆ ಏನೋ ಯಾವುದು ಅಂತ ಸಿಕ್ಕಿದ್ದು ಮೊನ್ನೆ ಮೊನ್ನೆ, ನಾನು ಹೈಸ್ಕೂಲಿನಲ್ಲಿದ್ದಾಗ. ಲೆಪ್ಟಿನ್. ಅದನ್ನು ತಯಾರಿಸುವುದು ಯಾವುದೋ ದೊಡ್ಡ ಗ್ರಂಥಿಯಲ್ಲ. ಕೊಬ್ಬು.

ಕೊಬ್ಬು ಅಂದರೆ ಮೂಟೆ ಕಟ್ಟಿ ಮೂಲೆಗಿಟ್ಟ ಭತ್ತ ಅಂತ ನಾನು ತಿಳಿದಿದ್ದೆ. ಅಲ್ಲವಂತೆ. ಅದು ಸದಾ ಮಿದುಳಿಗೆ ಸುದ್ದಿ ಕಳಿಸುತ್ತಿರುತ್ತದೆ: ನಾನಿದ್ದೇನೆ, ಇಷ್ಟಿದ್ದೇನೆ, ಹೆದರಬೇಡ, ಸಾಕು.

ನನ್ನ ಚರ್ಮದ ಕೆಳಗೆ ಇಷ್ಟು ಕಾಲ ಯಾರೋ ಮಾತಾಡುತ್ತಿದ್ದಾರೆ, ನನಗೆ ಗೊತ್ತೇ ಇರಲಿಲ್ಲ. ಕ್ಲಾಸ್ ಮುಗಿದ ಮೇಲೂ ಸ್ವಲ್ಪ ಹೊತ್ತು ಏಳಲಾಗಲಿಲ್ಲ. ಬಿಲ್ಡಿಂಗ್ ತುಂಬ ಜನ ನಡೆದಾಡುತ್ತಿದ್ದರು, ಒಬ್ಬೊಬ್ಬರ ಒಳಗೂ ಇದೇ ಮಾತುಕತೆ.


೨೭ ಸೆಪ್ಟೆಂಬರ್, ಮಹಾಲಯ ಅಮಾವಾಸ್ಯೆ
ಅಜ್ಜಿಮನೆ, ಚುಂಚನಕಟ್ಟೆ ಹತ್ತಿರ

ಆದದ್ದನ್ನು ಆದ ಹಾಗೇ ಬರೆಯುತ್ತೇನೆ.

ಹಿರಿಯರ ಹಬ್ಬಕ್ಕೆಂದು ಬಂದೆ. ನಮ್ಮಲ್ಲಿ ಸತ್ತವರಿಗೆ ನಡುಮನೆಯ ಕೋಣೆಯಲ್ಲಿ ಎಡೆ ಇಡುತ್ತಾರೆ. ಒಬ್ಬೊಬ್ಬರಿಗೆ ಒಂದೊಂದು ಎಲೆ, ಅವರವರಿಗೆ ಇಷ್ಟವಾಗಿದ್ದ ಅಡುಗೆ, ಪಕ್ಕದಲ್ಲಿ ಹೊಸ ಬಟ್ಟೆ. ಸಾಂಬ್ರಾಣಿ ಹಾಕಿ, ಬಾಗಿಲು ಮುಚ್ಚಿ, ಮನೆಯವರೆಲ್ಲ ಹೊರಗೆ ಬಂದು ಸುಮ್ಮನೆ ಕೂರಬೇಕು. ಅವರು ಬಂದು ಉಣ್ಣುವ ಹೊತ್ತು ಅದು. ಆಮೇಲೆ ಮನೆಯ ಹಿರಿಯರು ಬಾಗಿಲು ತಟ್ಟಿ ತೆಗೆಯುತ್ತಾರೆ. ಮದುವೆಯಾಗಿ ಹೋದ ಮಗಳಿಗೆ ತವರಲ್ಲಿ ಎಡೆ ಇಡುವ ಪದ್ಧತಿ ಇಲ್ಲ. ಆದರೂ ಅಜ್ಜಿ ತಾತನ ಎಲೆಯ ಪಕ್ಕ ಅವ್ವನಿಗೂ ಒಂದು ಎಲೆ ಹಾಕುತ್ತಾಳೆ. ಯಾರೂ ಬೇಡ ಅನ್ನುವುದಿಲ್ಲ. ಅವ್ವನ ಎಲೆಗೆ ಕಜ್ಜಾಯ, ಕೋಳಿಸಾರು, ಅನ್ನ.

ಹೊರಗೆ ಕೂತೆವು. ಶಶಿ ಎಲ್ಲಿ ಅಂದೆ. ಪಕ್ಕದ ಮನೆಗೆ ಕಳಿಸಿದೀನಿ ಅಂದಳು ಅಕ್ಕ.

ಅಜ್ಜಿ ಬಾಗಿಲು ತಟ್ಟಿ, "ಬತ್ತೀವಿ ಕಣ್ರಪ್ಪಾ" ಅಂತ ಹೇಳಿ ತೆಗೆದಳು. ಹೊಗೆಯೊಳಗೆ ಮೊದಲು ಏನೂ ಕಾಣಲಿಲ್ಲ. ಆಮೇಲೆ ಕಂಡಿತು. ತಾತನ ಎಲೆ ಇದ್ದ ಹಾಗೇ ಇದೆ. ಅವ್ವನ ಎಲೆ ಖಾಲಿ. ಒಂದು ಅಗುಳೂ ಇಲ್ಲ, ಒರೆಸಿ ಇಟ್ಟ ಹಾಗೆ.

"ಬಂದವ್ಳೆ," ಅಂದಳು ಅಜ್ಜಿ. ಅವಳ ಗಂಟಲು ಅಂಥ ದನಿ ಹೊರಡಿಸಬಲ್ಲದು ಅಂತ ನನಗೆ ಗೊತ್ತಿರಲಿಲ್ಲ. "ಭಾಗ್ಯ, ನೋಡವ್ವ, ನಿಮ್ಮವ್ವ ಬಂದವ್ಳೆ. ನನ್ ಮಗ್ಳು ಉಂಡವ್ಳೆ."

ಅಕ್ಕ ಹೊಸಿಲ ಮೇಲೇ ಕುಸಿದು ಕೈಮುಗಿದಳು. ಮಾವ ಟವೆಲ್ಲು ತೆಗೆದು ಸೊಂಟಕ್ಕೆ ಕಟ್ಟಿಕೊಂಡರು. ನಾನು ಸೈನ್ಸ್ ಓದುವವಳು, ನನ್ನ ಮೈಯೆಲ್ಲ ಜುಂ ಅಂದಿತು. ಅವ್ವನ ಮುಖ ನನಗೆ ಸರಿಯಾಗಿ ನೆನಪಿಲ್ಲ. ಆ ಗಳಿಗೆಯಲ್ಲಿ ಇದ್ದಕ್ಕಿದ್ದಂತೆ ನೆನಪಾದ ಹಾಗಾಯಿತು.

ಭತ್ತದ ಮೂಟೆಗಳ ಹಿಂದೆ ಯಾರೋ ಕೆಮ್ಮಿದರು.

ಮಾವ ಮೂಟೆ ಸರಿಸಿದರು. ಶಶಿ ಗೋಡೆಗೆ ಒತ್ತಿಕೊಂಡು ಕೂತಿದ್ದಳು. ಬಾಯಿ ತುಂಬ ಕಜ್ಜಾಯ, ಸಾಂಬ್ರಾಣಿ ಹೊಗೆಗೆ ಕಣ್ಣಲ್ಲಿ ನೀರು. ಪಕ್ಕದ ಮನೆಗೆ ಹೋಗಿಯೇ ಇರಲಿಲ್ಲ. ಎಡೆ ಇಡುವ ಮೊದಲೇ ಒಳಗೆ ಸೇರಿಕೊಂಡಿದ್ದಾಳೆ.

ಮಾವ ಹೊಡೆದರು. ಒಂದು, ಎರಡು ಅಂತ ಅಲ್ಲ. ಹೊಡೆತ ತಿನ್ನುತ್ತಲೇ ಅವಳು ಬಾಯಲ್ಲಿದ್ದುದನ್ನು ಅಗಿದು ನುಂಗಿದಳು, ಉಗುಳಲಿಲ್ಲ. ಅದನ್ನು ನೋಡಿ ಮಾವನಿಗೆ ಇನ್ನೂ ರೇಗಿತು. ಅಕ್ಕ ಬಿಡಿಸಲು ಹೋಗಲಿಲ್ಲ. ಅಜ್ಜಿ ಗೋಡೆ ಹಿಡಿದು ಕೂತು, "ಸತ್ತೋರ ಬಾಯಿಂದ ಕಿತ್ಕೊಂಡ್ಲಲ್ಲೋ" ಅಂತ ಒಂದೇ ಮಾತು ಹೇಳುತ್ತಿದ್ದಳು.

"ದಸರಾ ಕಳ್ದ ಸೋಮಾರ ದಾಟಂಗಿಲ್ಲ," ಅಂದರು ಮಾವ ನನ್ನ ಕಡೆ ತಿರುಗಿ. "ಹಬ್ಬ ಮುಗೀತಿದ್ದಂಗೇ ನಿನ್ ಆಸ್ಟಲ್ಲಿಗೆ ಬುಡ್ತೀನಿ. ಅಸ್ಕೊಂಡು ಬುದ್ಧಿ ಕಲೀಲಿ."

ಸರಿ ಮಾವ ಅಂದೆ. ಅಂದೆನಾ? ಅಂದೆ ಅನಿಸುತ್ತದೆ.


೨೮ ಸೆಪ್ಟೆಂಬರ್

ಬಟ್ಟೆ ಒಗೆಯಲು ನಾಲೆಗೆ ಹೋದಾಗ ಶಶಿ ಹಿಂದೆಯೇ ಬಂದಳು. ಕೆನ್ನೆ ಊದಿದೆ. ನಾಲ್ಕು ಹೆಜ್ಜೆಗೆ ಏದುಸಿರು. ಕಲ್ಲಿನ ಮೇಲೆ ಕೂತು ಕಾಲು ನೀರಿಗೆ ಬಿಟ್ಟುಕೊಂಡಳು.

"ಚಿಕ್ಕೀ."

"ಏನು?"

"ಅವ್ವಜ್ಜಿ ತಿಂದ್ಲು ಅಂದಾಗ ಎಲ್ರೂ ಖುಷಿಯಾಗಿದ್ರಿ. ನಾನು ತಿಂದೆ ಅಂದಾಗ ಯಾಕೆ ಅತ್ರಿ?"

ಕೈಯಲ್ಲಿದ್ದ ಬಟ್ಟೆಯನ್ನು ಕಲ್ಲಿಗೆ ಎರಡು ಸಲ ಬಡಿದೆ.

"ಅದು ಅವರ ಊಟ ಅಂತ ಗೊತ್ತಿರ್ಲಿಲ್ವಾ ನಿಂಗೆ?"

"ಗೊತ್ತಿತ್ತು."

"ಮತ್ತೆ?"

"ಬ್ಯಾಡ ಬ್ಯಾಡ ಅಂತ ಕೈ ಕಾಲ್ ಕೆಳಗಿಟ್ಕಂಡಿದ್ದೆ." ಕಾಲಿನಿಂದ ನೀರು ಬಡಿದಳು. "ಹೊಟ್ಟೆ ಬೈತದೆ ಚಿಕ್ಕಿ. ಉಂಡ್ರೂ ಬೈತದೆ. ನಿಂಗೆ ಬೈಯಲ್ವಾ?"

ಮಧ್ಯಾಹ್ನ ಅವಳು ಉಣ್ಣುವುದನ್ನು ಮೊದಲ ಸಲ ಸರಿಯಾಗಿ ನೋಡಿದೆ. ಇಷ್ಟು ದಿನ ಮುಖ ತಿರುಗಿಸಿಕೊಳ್ಳುತ್ತಿದ್ದೆ. ಹೊಟ್ಟೆಬಾಕರು ಚಪ್ಪರಿಸುತ್ತಾರೆ. ಇವಳು ಚಪ್ಪರಿಸುವುದಿಲ್ಲ, ರುಚಿಯೇ ನೋಡುವುದಿಲ್ಲ. ಮುಳುಗಿದವರು ಮೇಲೆ ಬಂದು ಉಸಿರೆಳೆದುಕೊಳ್ಳುವ ಹಾಗೆ ಮುದ್ದೆ ನುಂಗುತ್ತಾಳೆ. ಮುಖದಲ್ಲಿ ಸಂತೋಷ ಇಲ್ಲ.

ಸಂಜೆ ಅಕ್ಕನ ಹತ್ತಿರ ಕೇಳಿದೆ, ಯಾವಾಗಿನಿಂದ ಹೀಗೆ ಅಂತ. ಅವಳು ಸೊಪ್ಪು ಬಿಡಿಸುತ್ತಾ ಹೇಳಿದಳು: "ಹುಟ್ಟಿದಾಗ ಎಲ್ರ ಮಕ್ಕಳಂಗೇ ಇದ್ಲು. ಮೂರ್ನಾಕು ತಿಂಗ್ಳಿಂದ ಮೊಲೆ ಬುಡೋಳೇ ಅಲ್ಲ. ಮೊದಲ್ನೇದೂ ಅಂಗೇ ಕಣೆ. ಗಂಡುಮಗ, ದುಂಡಗವ್ನೆ ಅಂತ ಊರೆಲ್ಲ ದೃಷ್ಟಿ ತೆಗೀರಿ ಅನ್ನೋರು. ಮೂರು ವರ್ಷಕ್ಕೆ ಎದೆ ಕಟ್ಕೊಂಡು ಹೋಯ್ತಲ್ಲ. ಹೋಗೋ ದಿವಸಾನೂ ಉಣ್ಣಕ್ಕೇ ಕೇಳ್ತಿತ್ತು."

ಶಶಿಯೂ ನಿನ್ನೆಯಿಂದ ಕೆಮ್ಮುತ್ತಿದ್ದಾಳೆ. ಹೊಗೆಗೆ ಅಂದುಕೊಂಡಿದ್ದೇನೆ.

ಉರುಳಾಡುವಷ್ಟು ದಪ್ಪ. ಹುಟ್ಟಿದಾಗಿನಿಂದ. ಬಟ್ಟೆ ಮಡಿಸುತ್ತಾ ಇದ್ದವಳು ಮೇಡಂ ಹೇಳಿದ ಆ ಇಲಿ ನೆನಪಾಗಿ ಹಾಗೇ ನಿಂತುಬಿಟ್ಟೆ.


೩೦ ಸೆಪ್ಟೆಂಬರ್
ಮೈಸೂರು

ರಜೆಯಲ್ಲಿ ಲೈಬ್ರರಿ ಅರ್ಧ ದಿನ ಮಾತ್ರ. ಮೇಡಂ ಬಂದಿದ್ದರು. ಅವರ ಮುಂದೆ ನಿಂತು ಹೇಳಲು ಇಂಗ್ಲಿಷ್ ವಾಕ್ಯ ರೆಡಿ ಮಾಡಿಕೊಂಡಿದ್ದೆ, ಬಾಯಿಂದ ಬಂದದ್ದು ಮಾತ್ರ "ಮೇಡಂ, ನಮ್ಮಕ್ಕನ ಮಗಳು..." ಅಂತ. ಎಲ್ಲ ಕೇಳಿಸಿಕೊಂಡರು. ತಂದೆ ತಾಯಿ ಸಂಬಂಧಿಗಳಾ ಅಂತ ಕೇಳಿದರು. ಸೋದರಮಾವ ಅಂದೆ. ಮೇಡಂ ಎದ್ದು ಹೋಗಿ ಒಂದು ಜರ್ನಲ್ ತಂದು ಮುಂದಿಟ್ಟರು. ಮೂರು ವರ್ಷ ಹಿಂದಿನದು.

ಇಂಗ್ಲೆಂಡಿನಲ್ಲಿ ಇಬ್ಬರು ಮಕ್ಕಳು. ಹುಟ್ಟುವಾಗ ಮಾಮೂಲಿ ತೂಕ, ಕೆಲವೇ ತಿಂಗಳಿಗೆ ತಡೆಯಲಾರದ ಹಸಿವು. ಸಂಬಂಧದಲ್ಲೇ ಮದುವೆಯಾದ ಮನೆತನ. ಮೈ ತುಂಬ ಕೊಬ್ಬಿದ್ದರೂ ರಕ್ತದಲ್ಲಿ ಲೆಪ್ಟಿನ್ ಇಲ್ಲವೇ ಇಲ್ಲ ಅನ್ನುವಷ್ಟು. ಸಾಕು ಅನ್ನುವ ಆ ಮಾತನ್ನು ಬರೆಯುವ ಜೀನಿನ ಅಕ್ಷರಗಳಲ್ಲಿ ಒಂದೇ ಒಂದು ಬಿಟ್ಟುಹೋಗಿದೆ, ಅಷ್ಟಕ್ಕೆ ಮಾತೇ ಹುಟ್ಟುವುದಿಲ್ಲ. ಮೈಯೆಲ್ಲ ಕಣಜ, ಮಿದುಳಿಗೆ ಮಾತ್ರ ಬರಗಾಲ. ಹೋದ ವರ್ಷ ಅವರಲ್ಲಿ ಒಬ್ಬಳಿಗೆ ಆ ಲೆಪ್ಟಿನ್ನನ್ನೇ ಸೂಜಿಯಲ್ಲಿ ಕೊಡಲು ಶುರು ಮಾಡಿದರಂತೆ. ಸ್ವಲ್ಪ ದಿನಕ್ಕೆ ಆ ಹುಡುಗಿ ಬೇರೆ ಮಕ್ಕಳಷ್ಟೇ ಉಂಡು ತಟ್ಟೆ ಸರಿಸಿದಳು.

ಆ ಸಾಲು ಎಷ್ಟು ಸಲ ಓದಿದೆನೋ. ಬುದ್ಧಿ, ಭಯ, ನಾಚಿಕೆ, ಬೀಗ, ಬೆತ್ತ, ಪ್ರಾರ್ಥನೆ ಯಾವುದರಿಂದಲೂ ಆಗದ್ದು ಕಣ್ಣಿಗೆ ಕಾಣದ ಒಂದು ಹನಿಯಿಂದ ಆಯಿತು. ನಾನು ಯಾವುದನ್ನು ನನ್ನ ವಿಲ್‌ಪವರ್ ಅಂದುಕೊಂಡು ಇಷ್ಟು ವರ್ಷ ಬೀಗುತ್ತಿದ್ದೆನೋ, ಅದರಲ್ಲಿ ಎಷ್ಟು ಪಾಲು ನನ್ನದು, ಎಷ್ಟು ಪಾಲು ಆ ಹನಿಯದು?

"ಇರಬಹುದು," ಅಂದರು ಮೇಡಂ. "ಇಲ್ಲದೇನೂ ಇರಬಹುದು. ಪುಸ್ತಕ ಓದಿದ ಕೂಡ್ಲೆ ಎಲ್ಲರ ಮನೇಲೂ ಆ ಕಾಯಿಲೆ ಕಾಣ್ಸತ್ತೆ, ಹುಷಾರು. ರಕ್ತ ಬೇಕು. ನಾನು ಹೊರಗಡೆ ಲ್ಯಾಬಿಗೆ ಕಳಿಸ್ತೀನಿ, ತಿಂಗಳುಗಟ್ಟಲೆ ಆಗಬಹುದು. ಮದ್ದು ನಮ್ಮಲ್ಲಿಲ್ಲ, ಅದನ್ನ ಮೊದಲೇ ಹೇಳಿಬಿಡು."

"ಅಲ್ಲೀವರೆಗೂ ಏನು ಮಾಡೋದು ಮೇಡಂ?"

"ತಿಂದಷ್ಟೂ ಹಾಕಿ ಅಂತ ಹೇಳಲಾರೆ, ಕಟ್ಟಿಹಾಕಿ ಅಂತಾನೂ ಹೇಳಲಾರೆ. ಹೊಡೀಬೇಡಿ. ಒಬ್ಬಳನ್ನೇ ಎಲ್ಲೂ ಬಿಡಬೇಡಿ. ಇಂಥ ಮಕ್ಕಳಿಗೆ ಕೆಮ್ಮು ಜ್ವರ ಬಂದ್ರೆ ತಡೆಯೋ ಶಕ್ತಿ ಕಮ್ಮಿ, ಕಾಯ್ತಾ ಕೂರಬೇಡಿ."

ಡೈನಿಂಗ್ ಹಾಲ್ ಕಣ್ಣೆದುರಿಗೆ ಬಂತು. ಎರಡು ಇಡ್ಲಿ. ಎದ್ದು ನಿಂತ ಶಶಿ. ಸೀಟು ಕೇಳಿಕೊಂಡು ಬಂದವಳು ನಾನೇ.

ಇದರ ತಿರುವುಮುರುವೂ ಓದಿದೆ. ಊಟ ಕಮ್ಮಿಯಾಗಿ ಕೊಬ್ಬು ಕರಗಿದರೆ ಸುದ್ದಿ ಕ್ಷೀಣವಾಗುತ್ತದೆ. ಆಗ ಮೈ ಬರಗಾಲ ಬಂತೆಂದು ಒಲೆ ಸಣ್ಣ ಮಾಡುತ್ತದೆ: ಕೈಕಾಲು ತಣ್ಣಗೆ, ಮುಟ್ಟು ನಿಲ್ಲುತ್ತದೆ, ಎಚ್ಚರದಲ್ಲೂ ನಿದ್ದೆಯಲ್ಲೂ ಊಟದ್ದೇ ಯೋಚನೆ. ಎಷ್ಟು ಚೆನ್ನಾಗಿ ಕಾಪಾಡಿಕೊಳ್ಳುತ್ತದೆ. ಪಾಪ, ಯಾರಿಗೆ ಆಗಿರುತ್ತದೋ. ಲೈಬ್ರರಿಯಲ್ಲಿ ಯಾಕೋ ಚಳಿ, ಸ್ವೆಟರ್ ಹಾಕಿಕೊಂಡೇ ಓದಿದೆ. ಆಮೇಲೆ ಪ್ರಮೀಳಾ ಊರಿನಿಂದ ತಂದಿಟ್ಟ ಕೋಡುಬಳೆ ಡಬ್ಬ ತೆಗೆದು ಕೂತವಳು, ಏನು ಹೇಳಿ ಮಾವನನ್ನು ಒಪ್ಪಿಸಲಿ ಅಂತ ಯೋಚಿಸುತ್ತಾ ಡಬ್ಬ ಖಾಲಿ ಮಾಡಿದ್ದೇನೆ. ಅವಳಿಗೆ ಹೊಸದು ತಂದುಕೊಡಬೇಕು.


೩ ಅಕ್ಟೋಬರ್
ಅಜ್ಜಿಮನೆ

ಮಾವ ಆಯುಧಪೂಜೆಗೆಂದು ಅಂಗಳದಲ್ಲಿ ಟಿಲ್ಲರ್ ತೊಳೆಯುತ್ತಿದ್ದರು. ಶಶಿ ನಿದ್ದೆಯಲ್ಲಿದ್ದಳು. ಹೋಗಿ ಎದುರಿಗೆ ನಿಂತು, ಅವಳನ್ನ ಹಾಸ್ಟೆಲ್ಲಿಗೆ ಕಳಿಸೋದು ಬೇಡ ಮಾವ ಅಂದೆ.

"ಸೀಟು ಕೇಳ್ದೋಳೂ ನೀನೇ, ಬ್ಯಾಡ ಅನ್ನೋಳೂ ನೀನೇ. ಏನವ್ವ ಇದು?"

ಲೆಪ್ಟಿನ್ ಅಂದೆ, ಹಾರ್ಮೋನ್ ಅಂದೆ. ಮಾವ ಟಿಲ್ಲರಿನ ಚಕ್ರ ಉಜ್ಜುತ್ತಲೇ ಇದ್ದರು. ನನ್ನ ಮಾತು ನನಗೇ ಪುಸ್ತಕ ಕೆಳಗೆ ಬಿದ್ದ ಶಬ್ದದ ಹಾಗೆ ಕೇಳಿಸಿತು. ಆಮೇಲೆ ಅವರು ನೀರು ತುಂಬಿಕೊಳ್ಳುತ್ತಿದ್ದ ನಾಲೆಯ ಕಡೆ ಕಣ್ಣು ಹೋಯಿತು.

"ಮಾವ, ನಾಟಿ ಟೈಮಲ್ಲಿ ಗದ್ದೆಗೆ ನೀರು ಬಿಡೋಕೆ ನೀರುಗಂಟಿ ನಾಲೆ ತೂಬು ಎತ್ತಿರ್ತಾನಲ್ಲ. ಯಾವಾಗ ಮುಚ್ತಾನೆ?"

"ಕೊನೇ ಗದ್ದೆಯೋರು ಆಳ್ ಕಳಿಸ್ತಾರೆ, ನಮ್ದೂ ತುಂಬ್ತು ಅಂತ. ಆವಾಗ."

"ಆ ಆಳು ಬರಲೇ ಇಲ್ಲ ಅಂದ್ರೆ?"

"ಇನ್ನೂ ತುಂಬಿಲ್ಲ ಅನ್ಕಂಡು ಬುಟ್ಟಿರ್ತಾನೆ."

"ಗದ್ದೆಯೆಲ್ಲ ಮುಳುಗಿದ್ರೂ?"

"ಅವ್ನಿಗೇನ್ ಗೊತ್ತಾದದು ಅಲ್ಲಿಂದ?"

"ನೀರುಗಂಟೀನ ಹೊಡುದ್ರೆ ತೂಬು ಮುಚ್ತಾನಾ ಮಾವ?"

ಮಾವನ ಕೈ ನಿಂತಿತು. ಅಕ್ಕ ಹೊಸಿಲ ಹತ್ತಿರ ಬಂದು ನಿಂತಿದ್ದಳು. ನಾನು ನಿಧಾನವಾಗಿ ಹೇಳಿದೆ, ಶಶಿ ಮೈಯಲ್ಲಿ ಸಾಕು ಅನ್ನೋ ಸುದ್ದಿ ತರೋ ಆಳು ಇಲ್ಲದೇ ಇರಬಹುದು, ರಕ್ತ ನೋಡಿದರೆ ಗೊತ್ತಾಗತ್ತೆ ಅಂತ.

"ಹಂಗಾರೆ ತರೋನು ಹುಟ್ಟೇ ಇಲ್ಲ ಅಂತೀಯ." ಮಾವ ಚಕ್ರದ ಮೇಲಿನ ಮಣ್ಣನ್ನು ಉಗುರಲ್ಲಿ ಕೆರೆದರು. "ಮದ್ದು ಅದ್ಯಾ?"

"ಇಲ್ಲಿಲ್ಲ ಮಾವ. ಹೊರದೇಶದಲ್ಲಿ ಈಗ ನೋಡ್ತಾ ಇದಾರೆ."

"ಮದ್ದಿಲ್ದಿದ್ಮೇಲೆ ತಿಳ್ಕಂಡು ಏನ್ ಮಾಡೋದು?"

ಅದಕ್ಕೆ ಅಕ್ಕ ಉತ್ತರ ಕೊಟ್ಟಳು. ಮಾವನ ಮುಂದೆ ಅವಳು ದನಿ ಎತ್ತಿದ್ದನ್ನು ನಾನು ನೋಡಿದ್ದು ಇದೇ ಮೊದಲು, ಎತ್ತಲೂ ಇಲ್ಲ ಅನ್ನಿ. "ನನ್ ಮಗನಿಗೂ ಹೊಡ್ದಿದ್ದೆ ನಾನು. ಮೂರು ವರ್ಷದ ಕೂಸಿಗೆ. ದುರಾಸೆ ಅಂತ. ತಿಳ್ದಿದ್ರೆ ಹೊಡೀತಿರ್ಲಿಲ್ಲ."

ಮಾವ ಬಕೆಟ್ಟಿನಲ್ಲಿ ಉಳಿದಿದ್ದ ನೀರನ್ನು ಚಕ್ರದ ಮೇಲೆ ಸುರಿದರು.

ಅಜ್ಜಿ ಜಗುಲಿಯ ಮೇಲಿಂದ ಕೇಳಿದಳು, "ಯಾಕಂಗೆ ಹುಟ್ತದಂತೆ ಬೃಂದಾ?"

ಇದಕ್ಕೇ ನಾನು ಬಸ್ಸಿನುದ್ದಕ್ಕೂ ಹೆದರಿಕೊಂಡು ಬಂದಿದ್ದೆ. ತಾಯಿಯಿಲ್ಲದ ಮೊಮ್ಮಗಳು ಬೇರೆ ಮನೆಗೆ ಹೋಗಿ ಕಷ್ಟಪಡಬಾರದು ಅಂತ ಮಗನಿಗೆ ಕೊಟ್ಟವಳಿಗೆ ಹೇಗೆ ಹೇಳಲಿ? ಆ ಆಳನ್ನು ಹುಟ್ಟಿಸುವ ಬೀಜ ತಂದೆ ಕಡೆಯಿಂದ ಒಂದು, ತಾಯಿ ಕಡೆಯಿಂದ ಒಂದು ಬರುತ್ತೆ, ಎರಡೂ ಒಂದೇ ಥರ ತಪ್ಪಿ ಬಂದರೆ ಹಾಗಾಗುತ್ತೆ ಅಜ್ಜಿ ಅಂದೆ. ಎರಡು ಕಡೆ ಅಂತ ಹೇಳಿದೆ. ಒಂದೇ ಕಡೆ ಅಂತ ಹೇಳಲಿಲ್ಲ.

ಅಜ್ಜಿ ಬಹಳ ಹೊತ್ತು ಎಲೆಯಡಿಕೆ ಅಗಿಯದೆ ಬಾಯಲ್ಲೇ ಇಟ್ಟುಕೊಂಡಿದ್ದಳು. "ನಮ್ಮನೇದೇ ಅನ್ನು," ಅಂದಳು. ಆಮೇಲೆ ಎದ್ದು ಒಳಗೆ ಹೋಗಿ, ಮಲಗಿದ್ದ ಶಶಿಯ ಪಕ್ಕ ಕೂತಳು.

ಮಾವ ಕೊನೆಗೆ ಇಷ್ಟು ಹೇಳಿದರು: "ರಕ್ತ ಕೊಡಿಸ್ತೀನಿ. ಆದ್ರೆ ಅಲ್ಲಿಂದ ಹಂಗೇ ಹುಣಸೂರಿಗೆ ಹೋಯ್ತೀನಿ. ಮನೇಲಿ ಇನ್ನೊಂದ್ ಅಮಾಸೆ ಹಿಂಗಾದ್ರೆ ನನ್ ಕೈಲಾಗಲ್ಲ. ನಾನೇ ಏನಾರ ಮಾಡ್ಬುಡ್ತೀನಿ ಅವ್ಳಿಗೆ ಅಂತ ಭಯ ನಂಗೆ."

ಅವರಿಗೂ ಭಯ ಇದೆ ಅಂತ ನನಗೆ ಹೊಳೆದೇ ಇರಲಿಲ್ಲ.

ರಾತ್ರಿಗೆ ಅವರೆಕಾಳು ಸಾರು. ಅಕ್ಕ ಕೇಳದೆ ಎರಡನೇ ಮುದ್ದೆ ಹಾಕಿದಳು. ಮಾತಿನಲ್ಲಿ ಉಂಡದ್ದೇ ತಿಳಿಯಲಿಲ್ಲ.


೯ ಅಕ್ಟೋಬರ್
ಮೈಸೂರು

ಬೆಳಿಗ್ಗೆ ಮಾವ ಶಶಿಯನ್ನು ಕರೆದುಕೊಂಡು ಬಂದರು. ಇನ್ನೊಂದು ಕೈಯಲ್ಲಿ ಹಾಸ್ಟೆಲ್ಲಿಗೆಂದು ಹೊಸ ಟ್ರಂಕು. ಕೆಮ್ಮು ಕಮ್ಮಿಯಾಗಿದೆ. ಮೇಡಂ ಎದೆ ಪರೀಕ್ಷೆ ಮಾಡಿ, ತಾವೇ ರಕ್ತ ತೆಗೆದರು. ನರ ಸಿಗುವುದು ಕಷ್ಟವಾಯಿತು. ಎರಡು ಕಡೆ ಚುಚ್ಚಬೇಕಾಯಿತು, ಅವಳು ಅಳಲಿಲ್ಲ. ಆ ಸಣ್ಣ ಕೊಳವೆಯನ್ನು ನನ್ನ ಕೈಗೆ ಕೊಟ್ಟು ಐಸ್ ಡಬ್ಬದಲ್ಲಿಡು ಅಂದರು. ಬೆಚ್ಚಗಿತ್ತು. ನಾವೆಲ್ಲ ಇವಳಿಗೆ ಏನೇನೋ ಹೆಸರಿಟ್ಟೆವು. ಇವಳು ನಿಜವಾಗಿ ಯಾರು ಅನ್ನುವುದು ಬೆರಳಷ್ಟುದ್ದದ ಈ ಕೊಳವೆಯಲ್ಲಿ, ಕಣ್ಣಿಗೆ ಕಾಣದ ಒಂದು ಇಲ್ಲದಿರುವಿಕೆಯಾಗಿ ಇರಬಹುದು. ಹಿಡಿದುಕೊಂಡು ಹೋಗುವಾಗ ಗುಡಿಯಲ್ಲಿ ನಡೆಯುವ ಹಾಗೆ ಮೆಲ್ಲಗೆ ನಡೆದೆ.

ಆಮೇಲೆ ಆಸ್ಪತ್ರೆ ಹತ್ತಿರದ ಹೋಟೆಲ್ಲಿಗೆ ಊಟಕ್ಕೆ ಹೋದೆವು. ಊಟವಾದ ಮೇಲೆ ಹುಣಸೂರು ಬಸ್ಸು. ಮಾವ ಟ್ರಂಕನ್ನು ಕಾಲ ಹತ್ತಿರವೇ ಇಟ್ಟುಕೊಂಡಿದ್ದರು. ಬೆಳಿಗ್ಗೆ ಬಸ್‌ಸ್ಟ್ಯಾಂಡಿನಲ್ಲೇ ಎಲ್ಲೋ ಸ್ವೆಟರ್ ಬಿಟ್ಟುಬಂದಿದ್ದೇನೆ ಅಂತ ನನಗೆ ಆಗ ಗೊತ್ತಾಯಿತು.

ಬಡಿಸುವವನು ಶಶಿಯನ್ನು ಮೇಲಿಂದ ಕೆಳಗೆ ನೋಡಿ, "ಏನ್ ಯಜಮಾನ್ರೆ, ಮಗಳಿಗೆ ಎರಡೆಲೆ ಹಾಕ್ಲಾ?" ಅಂದ. ಪಕ್ಕದ ಟೇಬಲ್ಲಿನವರು ನಕ್ಕರು.

ಮಾವ ತಲೆ ಎತ್ತಿದರು. ಹೊಡೆದೇ ಬಿಡುತ್ತಾರೆ, ಇವನನ್ನೋ ಇಲ್ಲ ಅವಳನ್ನೋ ಅಂದುಕೊಂಡೆ.

"ಒಂದೇ ಹಾಕು," ಅಂದರು. "ಉಂಡ ಮೇಲೆ ಅನ್ನ ಕೇಳ್ತಾಳೆ. ಕೇಳ್ದಾಗ ಮಕ ನೋಡ್ದೆ ಬಡ್ಸು. ಅವ್ಳಿಗೆ ಕಾಯ್ಲೆ ಅದೆ."

ಕಾಯಿಲೆ ಅನ್ನುವ ಮಾತು ಅವರ ಬಾಯಲ್ಲಿ ಬಂದದ್ದು ಇದೇ ಮೊದಲು. ಬಡಿಸುವವನು ಸೌಟಿನ ಕಡೆ ನೋಡುತ್ತಾ, ಆಗಲಿ ಅಂದ.

ಉಂಡೆವು. ನಾನು ಎರಡನೇ ಸಲ ಸಾರನ್ನ ಹಾಕಿಸಿಕೊಂಡು, ಮಜ್ಜಿಗೆಗೂ ಉಂಡು ಮುಗಿಸಿದೆ. ಮಾವನದೂ ಮುಗಿಯಿತು. ಶಶಿ ಉಣ್ಣುತ್ತಲೇ ಇದ್ದಳು. ನಡುವೆ ಒಮ್ಮೆ ಕೈ ನಿಲ್ಲಿಸಿ, ನಮ್ಮಿಬ್ಬರ ಎಲೆ ನೋಡಿದಳು.

"ಅಪ್ಪ, ನಿಂಗೆ ಸಾಕಾಯ್ತಾ?"

"ಆಯ್ತು ಕಣವ್ವ."

"ಸಾಕು ಅಂದ್ರೆ ಎಂಗಿರ್ತದೆ?"

ಮಾವ ನನ್ನ ಕಡೆ ನೋಡಿದರು, ಓದಿದವಳು ನೀನು ಹೇಳು ಅನ್ನುವ ಹಾಗೆ. ನಾನು ಬಾಯಿ ತೆರೆದೆ. ದಿನಾ ಬರುವ ಅದು ಯಾವಾಗ ಬರುತ್ತದೆ, ಎಲ್ಲಿಂದ ಬರುತ್ತದೆ, ಬಂದಾಗ ಹೇಗಿರುತ್ತದೆ ಅಂತ ನಾನು ಒಂದು ಸಲವೂ ಗಮನಿಸಿರಲಿಲ್ಲ. ಈಗ ತಾನೇ ಬಂದು ಹೋಗಿತ್ತು, ನಾನು ನೋಡಿಯೇ ಇರಲಿಲ್ಲ.

"ಎಂಗೆ ಅಂದ್ರೆ," ಅಂದರು ಮಾವ ಯೋಚಿಸುತ್ತಾ, "ಉಣ್ತಾ ಕೂತಿರ್ತೀವಾ. ಹಿಂದ್ಲಿಂದ ಯಾರೋ ಬಂದು ಬೆನ್ನು ಮುಟ್ಟಿ, ಆಯ್ತು ಏಳಪ್ಪ ಅಂದಂಗೆ."

"ಯಾರು?"

"ಕಾಣಲ್ಲ."

ಶಶಿ ತಿರುಗಿ ತನ್ನ ಬೆನ್ನ ಹಿಂದೆ ನೋಡಿದಳು. ಗೋಡೆ, ಕ್ಯಾಲೆಂಡರು, ಕೈ ತೊಳೆಯುವ ನಲ್ಲಿ.

"ನಂಗೆ ಅವ್ರು ಬರೋದೇ ಇಲ್ಲ," ಅಂದಳು. ದೂರು ಹೇಳುವ ಹಾಗೆ ಅಲ್ಲ, ಬಸ್ಸು ಇನ್ನೂ ಬಂದಿಲ್ಲ ಅನ್ನುವ ಹಾಗೆ. ಮತ್ತೆ ಎಲೆಯ ಮೇಲೆ ಬಗ್ಗಿದಳು.

ಬಡಿಸುವವನು ಎಲೆ ತೆಗೆಯಲು ಬಂದ. ಮಾವ ತಲೆಯಾಡಿಸಿ ಕಳಿಸಿದರು. ಅವರ ಬಲಗೈ ಎಲೆಯ ಮೇಲೇ ಒಣಗುತ್ತಿತ್ತು. ಹೊರಗೆ ಹುಣಸೂರು, ಹುಣಸೂರು ಅಂತ ಕಂಡಕ್ಟರ್ ಕೂಗುವುದು ಕೇಳಿಸಿತು. ಬಸ್ಸು ಸ್ವಲ್ಪ ಹೊತ್ತು ಗುರುಗುಟ್ಟುತ್ತಾ ನಿಂತಿತ್ತು, ಆಮೇಲೆ ಹೊರಟಿತು.

ಮಾವ ಎಡಗೈ ಎತ್ತಿ ಅವಳ ಬೆನ್ನ ಮೇಲಿಟ್ಟರು. ಏಳು ಅನ್ನಲಿಲ್ಲ.